ಟೀಚರ್ ಕಲಿಯಲು ಹೋದ ದಿನ

ಬೆಳಗಿನ ಐದೂ ಮುಕ್ಕಾಲು. ಬಸ್ ನಿಲ್ದಾಣದ ದೀಪಗಳು ಇನ್ನೂ ಆರಿಲ್ಲ. ಹೊರಡಲು ನಿಂತ ಮೊದಲ ಬಸ್ಸಿನ ಕಿಟಕಿ ಪಕ್ಕದಲ್ಲಿ ಹೆಂಗಸೊಬ್ಬರು ಕೂತಿದ್ದಾರೆ. ತೊಡೆಯ ಮೇಲೆ ಒಂದು ಹಾಳೆ. ಅದರ ಮೇಲೆ ಬೆರಳಾಡಿಸುತ್ತಾ ತುಟಿಯಲ್ಲೇ ಏನೋ ಬಾಯಿಪಾಠ ಮಾಡುತ್ತಿದ್ದಾರೆ. ಇಪ್ಪತ್ತಾರು ಮಕ್ಕಳ ಹೆಸರು. ಪ್ರತಿ ಹೆಸರಿನ ಮುಂದೆ ಅವರ ಟೀಚರ್ ಪೆನ್ಸಿಲಿನಲ್ಲಿ ಬರೆದ ಒಂದು ಸಾಲು. ‘ಕನ್ನಡಕ ಬ್ಯಾಗಲ್ಲೇ ಇಟ್ಕೊಂಡಿರ್ತಾಳೆ, ಹಾಕಿಸಿ.’ ‘ಮೂರರ ಮಗ್ಗಿ ಬರುತ್ತೆ ಅಂತಾನೆ, ಬರಲ್ಲ.’ ‘ತಮ್ಮ ಹುಟ್ಟಿದ ಮೇಲೆ ಮಾತು ಕಮ್ಮಿಯಾಗಿದೆ.’ ‘ಇವನನ್ನೂ ಮೇಲಿನವನನ್ನೂ ಒಟ್ಟಿಗೆ ಕೂರಿಸಬೇಡಿ, ದಯವಿಟ್ಟು.’

ಕಂಡಕ್ಟರ್ ಟಿಕೆಟ್ ಹರಿಯುತ್ತಾ ಹತ್ತಿರ ಬರುತ್ತಾರೆ. “ಇವತ್ತು ಯಾವ ಶಾಲೆ ಮೇಡಂ?”

“ಕಲ್ಲು ಕ್ವಾರಿ ಪಕ್ಕದ್ದು.”

“ಹಾಗಾದ್ರೆ ಸೇತುವೆ ಹತ್ರ ನಿಲ್ಲಿಸ್ತೀನಿ. ಅಲ್ಲಿಂದ ಏಳು ಇಪ್ಪತ್ತರದ್ದು ಸಿಗುತ್ತೆ. ನಿಧಾನಕ್ಕೆ ಇಳೀರಿ, ಮೆಟ್ಟಿಲು ಎತ್ತರ.”

ಬಸ್ಸು ಹೊರಡುತ್ತದೆ. ಅವರು ಹಾಳೆಯನ್ನು ಮಡಚಿ, ಕಣ್ಣು ಮುಚ್ಚಿ, ಒಂದರಿಂದ ಇಪ್ಪತ್ತಾರರವರೆಗೆ ಒಮ್ಮೆ ಹೇಳಿಕೊಳ್ಳುತ್ತಾರೆ. ಹದಿನೇಳನೆಯದಕ್ಕೆ ಬಂದಾಗ ತಡವರಿಸಿ, ಹಾಳೆ ಬಿಚ್ಚಿ ನೋಡಿ, ಮತ್ತೆ ಮೊದಲಿಂದ ಶುರು.

“ಮಕ್ಕಳ ಹೆಸರು ಗೊತ್ತಿಲ್ದೆ ಕ್ಲಾಸೊಳಗೆ ಕಾಲಿಡಬಾರ್ದು,” ಎನ್ನುತ್ತಾರೆ ಪಕ್ಕದಲ್ಲಿ ಕೂತ ನನಗೆ. “ಹೊಸಬರು ಬಂದ್ರು ಅಂದ ತಕ್ಷಣ ಮಕ್ಕಳು ನಮ್ಮ ಅಳತೆ ತಗೊಂಡುಬಿಡ್ತಾರೆ. ‘ಏಯ್, ನೀನು’ ಅಂದ್ರೋ, ಮುಗೀತು ಕಥೆ. ಹೆಸರು ಹಿಡಿದು ಕರೆದ್ರೆ ಅರ್ಧ ಕೆಲಸ ಆದ ಹಾಗೆ.”

ಅರವತ್ತಾರು ವರ್ಷದ ಇವರು ಸರ್ಕಾರಿ ಪ್ರಾಥಮಿಕ ಶಾಲೆಯ ನಿವೃತ್ತ ಶಿಕ್ಷಕಿ. ಸುತ್ತಲಿನ ಶಾಲೆಗಳಲ್ಲಿ ಇವರಿಗೆ ಇರುವುದು ಒಂದೇ ಹೆಸರು: ‘ಬದಲಿ ಮೇಡಂ’. ಒಬ್ಬರೇ ಶಿಕ್ಷಕರಿರುವ ಶಾಲೆಯ ಆ ಒಬ್ಬರು ತರಬೇತಿಗೆ ಹೋದ ದಿನ, ಆ ಶಾಲೆಯ ಬಾಗಿಲು ತೆಗೆದು, ಪಾಠ ನಡೆಸಿ, ಸಂಜೆ ಬೀಗ ಹಾಕಿ ಬರುವವರು ಇವರು. ಆರು ವರ್ಷಗಳಿಂದ ಇದೇ ಕೆಲಸ. ಐವತ್ತನಾಲ್ಕು ಶಾಲೆ, ಮುನ್ನೂರ ತೊಂಬತ್ತು ಚಿಲ್ಲರೆ ದಿನ. ಯಾವ ಶಾಲೆಯ ಹಾಜರಿ ಪುಸ್ತಕದಲ್ಲೂ ಇವರ ಸಹಿ ಇಲ್ಲ. ಯಾವ ತರಬೇತಿಯ ಪ್ರಮಾಣಪತ್ರದಲ್ಲೂ ಇವರ ಹೆಸರಿಲ್ಲ.

ಇದರ ಮಹತ್ವ ತಿಳಿಯಬೇಕಾದರೆ ತರಬೇತಿ ಕೇಂದ್ರವನ್ನೊಮ್ಮೆ ನೋಡಬೇಕು. ಪಟ್ಟಣದ ನಡುವೆ ಎರಡಂತಸ್ತಿನ ಕಟ್ಟಡ. ಮೇಲೆ ಶಿಕ್ಷಕರಿಗೆಂದೇ ಗ್ರಂಥಾಲಯ. ಕೆಳಗಿನ ಕೋಣೆಯಲ್ಲಿ ಗಣಿತದ ಪೆಟ್ಟಿಗೆಗಳು, ವಿಜ್ಞಾನದ ಸಾಮಾನು, ಓದಲು ತಿಣುಕುವ ಮಕ್ಕಳಿಗಾಗಿ ಮಾಡಿದ ಅಕ್ಷರದ ಬಿಲ್ಲೆಗಳು. ವರ್ಷಕ್ಕೆ ಇಪ್ಪತ್ತಕ್ಕೂ ಹೆಚ್ಚು ತರಬೇತಿಗಳು ನಡೆಯುತ್ತವೆ. ಬರಬೇಕಾದವರು ಮಾತ್ರ ಬರುವುದಿಲ್ಲ. “ದೊಡ್ಡ ಶಾಲೆಯವರು ನಾಲ್ಕು ನಾಲ್ಕು ಸಲ ಬರ್ತಾರೆ. ಅಲ್ಲಿ ಒಬ್ಬರು ಬಂದ್ರೆ ಉಳಿದವರು ಕ್ಲಾಸು ನೋಡ್ಕೋತಾರೆ,” ಎನ್ನುತ್ತಾರೆ ಕೇಂದ್ರದ ಸಂಯೋಜಕರು. “ಒಬ್ಬರೇ ಇರೋ ಶಾಲೆಯವರಿಗೆ ಆದೇಶ ಕಳಿಸಿದ್ರೆ, ಅದರ ಹಿಂದೆಯೇ ‘ಬರಲಾಗುವುದಿಲ್ಲ’ ಅಂತ ಉತ್ತರ. ಬಂದ್ರೆ ಶಾಲೆಗೆ ಬೀಗ. ಬರದಿದ್ರೆ ಕಲಿಕೆಗೆ ಬೀಗ. ಅತ್ತ ದರಿ, ಇತ್ತ ಪುಲಿ.”

ಮೇಡಂ ಅವರ ದಿನ ಶುರುವಾಗುವುದು ನಾಲ್ಕೂವರೆಗೆ. ಅಷ್ಟು ಹೊತ್ತಿಗೆ ಅವರ ಯಜಮಾನರು ಎದ್ದು, ಅಡುಗೆಮನೆಯ ಮೇಜಿನ ಮೇಲೆ ಆ ದಿನದ ಬಸ್ಸುಗಳ ಚೀಟಿ ಬರೆದಿಟ್ಟಿರುತ್ತಾರೆ. ಅವರು ನಿವೃತ್ತ ಬಸ್ ಕಂಡಕ್ಟರ್. ಯಾವ ದಾರಿಯ ಯಾವ ಬಸ್ಸು ಯಾವ ತಿರುವಿನಲ್ಲಿ ಎಷ್ಟು ನಿಮಿಷ ತಡಮಾಡುತ್ತದೆ ಎಂಬುದು ಅವರಿಗೆ ಅಂಗೈ ಗೆರೆಯಷ್ಟು ಪರಿಚಿತ. ಇಂದಿನ ಚೀಟಿಯಲ್ಲಿ ಎರಡು ಬಸ್ಸು, ಎರಡು ಕಿಲೋಮೀಟರ್ ನಡಿಗೆ, ಕೊನೆಯಲ್ಲೊಂದು ಎಚ್ಚರಿಕೆ: ‘ಸಂಜೆ ನಾಲ್ಕೂವರೆ ಬಸ್ಸನ್ನು ನಂಬಬೇಡ.’

“ಮೂವತ್ತೆರಡು ವರ್ಷ ಊರವರನ್ನೆಲ್ಲಾ ಹೊತ್ತಿಗೆ ಸರಿಯಾಗಿ ಮುಟ್ಟಿಸಿದೆ,” ಎಂದು ನಗುತ್ತಾರೆ ಅವರು. “ಆಗೆಲ್ಲಾ ಇವಳು ಶಾಲೆಗೆ ನಡಕೊಂಡೇ ಹೋಗ್ತಿದ್ಲು. ಆ ಬಾಕಿ ಈಗ ತೀರಿಸ್ತಿದ್ದೀನಿ.”

“ಟಿಕೆಟ್‌ಗಿಂತ ಬೋಧನೆಯೇ ಜಾಸ್ತಿ ಇವರದ್ದು,” ಎಂದು ಮೇಡಂ ಚೀಲ ಹೆಗಲಿಗೇರಿಸುತ್ತಾರೆ. ಚೀಲದಲ್ಲಿ ಏನಿದೆ ಎಂದು ಇಣುಕಿದೆ. ಎರಡು ಸೀಮೆಸುಣ್ಣದ ಪೆಟ್ಟಿಗೆ, ಹಗ್ಗದ ಉಂಡೆ, ಐವತ್ತು ಗುಂಡಿಗಳಿರುವ ಡಬ್ಬ, ಬಿಳಿ ಹಾಳೆಗಳು, ಮೊಣಕಾಲಿಗೆ ಹಚ್ಚುವ ಮುಲಾಮು, ಊಟದ ಡಬ್ಬಿ, ಒಂದು ಸೀಟಿ. ಸೀಟಿ ಯಾಕೆ ಎಂದು ಕೇಳಿದರೆ, “ನಂದು ಈಗ ಗಂಟಲಲ್ಲ ಕಣಪ್ಪಾ, ಹಳೇ ರೇಡಿಯೋ,” ಎನ್ನುತ್ತಾರೆ.

ಎಂಟೂ ಹತ್ತಕ್ಕೆ ನಾವು ಶಾಲೆಯ ಮುಂದಿದ್ದೇವೆ. ಒಂದು ದೊಡ್ಡ ಕೋಣೆ, ಒಂದು ಜಗಲಿ, ಒಂದು ನೀರಿನ ತೊಟ್ಟಿ. ಕ್ವಾರಿಯ ದೂಳು ಕಿಟಕಿಯ ಸರಳುಗಳ ಮೇಲೆ ಹಿಟ್ಟು ಚೆಲ್ಲಿದಂತೆ ಕೂತಿದೆ. ಎದುರು ಮನೆಯ ಅಜ್ಜಿ ಬೀಗದ ಕೈ ತಂದುಕೊಡುತ್ತಾರೆ. ಮೇಡಂ ಬಾಗಿಲು ತೆಗೆದು ಮೊದಲು ಮಾಡುವ ಕೆಲಸ, ಕಪ್ಪು ಹಲಗೆಯನ್ನು ಒರೆಸದೆ ಸುಮ್ಮನೆ ನಿಂತು ಓದುವುದು. ನಿನ್ನೆ ಟೀಚರ್ ಎಲ್ಲಿ ನಿಲ್ಲಿಸಿದ್ದಾರೆ, ಯಾವ ಲೆಕ್ಕ ಅರ್ಧಕ್ಕೆ ಬಿಟ್ಟಿದ್ದಾರೆ. ಅಲ್ಲಿಂದ ಮುಂದಕ್ಕೆ ಇವರ ಪಾಠ.

ಮಕ್ಕಳು ಬರುತ್ತಾರೆ. ಒಂದರಿಂದ ಐದನೇ ತರಗತಿ, ಎಲ್ಲರೂ ಒಂದೇ ಕೋಣೆಯಲ್ಲಿ.

“ನಿನ್ನೆ ನಿಮ್ಮ ಟೀಚರ್ ಎಲ್ಲಿಗೆ ನಿಲ್ಲಿಸಿದ್ರು?” ಎಂದು ಮೇಡಂ ಕೇಳುತ್ತಾರೆ, ಗೊತ್ತಿದ್ದೂ.

“ಆಟಕ್ಕೆ ಬಿಟ್ಟಲ್ಲಿಗೆ ನಿಲ್ಲಿಸಿದ್ರು ಮೇಡಂ,” ಎನ್ನುತ್ತಾನೆ ಐದನೇ ತರಗತಿಯ ಒಬ್ಬ, ಮುಖದಲ್ಲಿ ಒಂದು ಗೆರೆ ಅಲುಗದೆ.

ಮೇಡಂ ಅವನನ್ನು ಹೆಸರು ಹಿಡಿದೇ ಕರೆಯುತ್ತಾರೆ. “ಬಾಪ್ಪಾ, ನೀನೇ ಅಲ್ವಾ ಮೂರರ ಮಗ್ಗಿಯವನು?” ಕೋಣೆಯಿಡೀ ಗೊಳ್ಳೆನ್ನುತ್ತದೆ. ಅವನೂ ನಗುತ್ತಾನೆ, ಆದರೆ ಕಣ್ಣು ಗೋಲಿಯಷ್ಟು ದೊಡ್ಡದಾಗಿದೆ. ಅಪರೂಪಕ್ಕೆ ಬರುವ ಈ ಮುದುಕಿಗೆ ಇದೆಲ್ಲಾ ಯಾರು ಹೇಳಿದರು? ಹತ್ತು ನಿಮಿಷದಲ್ಲಿ ಅವನಿಗೆ ಗುಂಡಿಗಳ ಡಬ್ಬ ಸಿಕ್ಕಿದೆ. ಎರಡನೇ ತರಗತಿಯ ನಾಲ್ವರಿಗೆ ಮೂರು ಮೂರರ ಗುಂಪು ಮಾಡಿ ತೋರಿಸುವ ಜವಾಬ್ದಾರಿ ಅವನದ್ದು. ಕಲಿಸುತ್ತಾ ಕಲಿಸುತ್ತಾ ತನಗೇ ಮಗ್ಗಿ ಬರುತ್ತಿರುವುದು ಅವನ ಗಮನಕ್ಕೆ ಬಂದಂತಿಲ್ಲ.

ಜಗಲಿಯಲ್ಲಿ ನಾಲ್ಕನೇ ತರಗತಿ ಹಗ್ಗ ಹಿಡಿದು ಕೋಣೆಯ ಸುತ್ತಳತೆ ಅಳೆಯುತ್ತಿದೆ. ಆ ಗುಂಪಿನ ನಡುವೆ ಎಡ ಕಿವಿಯಲ್ಲಿ ಶ್ರವಣಯಂತ್ರ ಹಾಕಿಕೊಂಡ ಹುಡುಗಿಯೊಬ್ಬಳು ಎಲ್ಲರಿಗಿಂತ ಗಟ್ಟಿ ದನಿಯಲ್ಲಿ ಎಣಿಸುತ್ತಿದ್ದಾಳೆ. ಮೇಡಂ ನನ್ನ ಕಡೆ ನೋಡಿ, “ಅವಳ ಕಥೆ ಆಮೇಲೆ ಟೀಚರನ್ನೇ ಕೇಳಿ, ನಾನು ಹೇಳಿದ್ರೆ ಜಂಬ ಆಗುತ್ತೆ,” ಎನ್ನುತ್ತಾರೆ.

ಮಧ್ಯಾಹ್ನದ ಊಟದ ಬಿಡುವಿನಲ್ಲಿ, ಜಗಲಿಯ ಅಂಚಿನಲ್ಲಿ ಕಾಲು ಚಾಚಿ ಮೊಣಕಾಲು ನೀವಿಕೊಳ್ಳುತ್ತಾ, ಅವರು ತಮ್ಮ ಕಥೆ ಹೇಳುತ್ತಾರೆ.

ಕೆಲಸಕ್ಕೆ ಸೇರಿದಾಗ ಅವರಿಗೆ ಇಪ್ಪತ್ತನಾಲ್ಕು. ಮೊದಲ ಶಾಲೆಯೇ ಏಕೋಪಾಧ್ಯಾಯ ಶಾಲೆ, ಅಂದರೆ ಒಬ್ಬರೇ ಶಿಕ್ಷಕಿ. ಎರಡು ವರ್ಷದಲ್ಲಿ ಇನ್ನೊಬ್ಬರು ಬರುತ್ತಾರೆ ಎಂದಿದ್ದರು. ಹದಿನೆಂಟು ವರ್ಷ ಯಾರೂ ಬರಲಿಲ್ಲ. ಅಷ್ಟರಲ್ಲಿ ಆರು ಸಲ ತರಬೇತಿಯ ಆದೇಶ ಬಂತು. ಆರು ಸಲವೂ ಅದರ ಕೆಳಗೆ ‘ಒಬ್ಬಳೇ ಶಿಕ್ಷಕಿ, ಬಿಟ್ಟು ಬರಲು ಆಗುವುದಿಲ್ಲ’ ಎಂದು ಬರೆದು, ನಕಲು ಇಟ್ಟುಕೊಂಡು, ವಾಪಸು ಕಳಿಸಿದರು. “ಆಗ ಅದು ತ್ಯಾಗ ಅಂತ ಅನ್ಕೊಂಡಿದ್ದೆ. ಶಾಲೆ ಒಂದು ದಿನಾನೂ ಮುಚ್ಚಿಲ್ಲ ಅಂತ ಎದೆ ಉಬ್ಬಿಸ್ಕೊಂಡು ಓಡಾಡ್ತಿದ್ದೆ.”

ಆ ಶಾಲೆಯಲ್ಲಿ ಒಬ್ಬಳು ಹುಡುಗಿ ಇದ್ದಳು. ಬಾಯಿಲೆಕ್ಕದಲ್ಲಿ ಎತ್ತಿದ ಕೈ. ಕಥೆ ಹೇಳಿದರೆ ಒಂದು ಮಾತು ಬಿಡದೆ ತಿರುಗಿ ಹೇಳುವಳು. ಪುಸ್ತಕ ತೆರೆದರೆ ಮಾತ್ರ ಒಂದು ಸಾಲೂ ಓದಲಾರಳು. ಬರೆದರೆ ಅಕ್ಷರಗಳು ಹಿಂದುಮುಂದಾಗುತ್ತಿದ್ದವು.

“ಸೋಮಾರಿ ಅಂದ್ಕೊಂಡೆ. ಇಷ್ಟು ಚುರುಕಾಗಿರೋಳಿಗೆ ಓದು ಬರಲ್ಲ ಅಂದ್ರೆ ಬೇಕಂತ್ಲೇ ಮಾಡ್ತಿದ್ದಾಳೆ ಅಂತ. ಹಿಂದಿನ ಸಾಲಿಗೆ ಕಳಿಸಿದೆ. ನೂರು ಸಲ ಬರೆಸಿದೆ. ಎರಡು ಸಲ ಅದೇ ಕ್ಲಾಸಲ್ಲಿ ಕೂರಿಸಿದೆ. ‘ದಡ್ಡಿ’ ಅಂದಿದ್ದೀನಿ. ಒಂದು ಸಲ ಅಲ್ಲ, ಲೆಕ್ಕವೇ ಇಲ್ಲ. ಎಲ್ಲರ ಮುಂದೆ.” ಮೇಡಂ ಮೊಣಕಾಲಿನಿಂದ ಕೈ ತೆಗೆಯುತ್ತಾರೆ. “ಹತ್ತು ವರ್ಷ ಆಗಿತ್ತು ಅವಳಿಗೆ. ಒಂದು ದಿನ ಬರಲಿಲ್ಲ. ಮತ್ತೆ ಬರಲೇ ಇಲ್ಲ.”

ನಲವತ್ತೆರಡನೇ ವಯಸ್ಸಿಗೆ ದೊಡ್ಡ ಶಾಲೆಗೆ ವರ್ಗವಾಯಿತು. ಮರುವರ್ಷ, ಕೆಲಸಕ್ಕೆ ಸೇರಿ ಹತ್ತೊಂಬತ್ತು ವರ್ಷವಾದ ಮೇಲೆ, ಅವರು ಮೊದಲ ಬಾರಿಗೆ ಒಂದು ತರಬೇತಿಗೆ ಹೋದರು. ಐದು ದಿನದ್ದು, ಓದಲು ತಿಣುಕುವ ಮಕ್ಕಳ ಬಗ್ಗೆ. ಮೂರನೇ ದಿನ ತರಬೇತುದಾರರು ಯಾವುದೋ ಮಗು ಬರೆದ ಪುಟವೊಂದನ್ನು ಗೋಡೆಗೆ ಅಂಟಿಸಿದರು. ಈ ಮಗು ದಡ್ಡ ಅಲ್ಲ, ಇದಕ್ಕೆ ಅಕ್ಷರ ಗುರುತಿಸುವುದೇ ತೊಡಕು, ಕಲಿಸುವ ದಾರಿ ಬೇರೆ ಇದೆ, ಎಂದರು.

“ಆ ಪುಟ ನೋಡಿದೆ. ಅದೇ ಅಕ್ಷರ. ಅದೇ ಹಿಂದುಮುಂದು. ಅವಳೇ ಬರೆದು ಕಳಿಸಿದ ಹಾಗಿತ್ತು. ಎದ್ದು ಹೊರಗೆ ಹೋದೆ. ನಲ್ಲಿ ತಿರುಗಿಸ್ಕೊಂಡು ನಿಂತಿದ್ದೆ, ಎಷ್ಟು ಹೊತ್ತೋ. ಯಾರೋ ಬಂದು ನಲ್ಲಿ ನಿಲ್ಲಿಸಿದ್ರು.”

ತರಬೇತಿ ಮುಗಿಸಿ ಮನೆಗೆ ಬಂದವರೇ ಹಳೆಯ ಆದೇಶಗಳ ಕಡತ ಹುಡುಕಿ ತೆಗೆದರು. ಒಂಬತ್ತು ವರ್ಷದ ಹಿಂದಿನ ಹಾಳೆಯಲ್ಲಿ ಅದೇ ತರಬೇತಿಯ ಹೆಸರಿತ್ತು. ಕೆಳಗೆ ಅವರದ್ದೇ ಕೈಬರಹ: ‘ಬಿಟ್ಟು ಬರಲು ಆಗುವುದಿಲ್ಲ.’ ಆ ವರ್ಷ ಆ ಹುಡುಗಿ ಅವರ ತರಗತಿಯಲ್ಲಿದ್ದಳು.

ಹುಡುಕಿಕೊಂಡು ಹೋದರು. ಹುಡುಗಿಗೆ ಆಗ ಹತ್ತೊಂಬತ್ತು, ಹೊಲಿಗೆ ಅಂಗಡಿಯೊಂದರಲ್ಲಿ ಗುಂಡಿ ಹಾಕುವ ಕೆಲಸ. ಟೀಚರನ್ನು ನೋಡಿ ಎದ್ದು ನಿಂತಳಂತೆ, ತರಗತಿಯಲ್ಲಿ ನಿಲ್ಲುತ್ತಿದ್ದ ಹಾಗೆಯೇ, ತಲೆ ತಗ್ಗಿಸಿ. ಮೇಡಂ ಎಲ್ಲವನ್ನೂ ಹೇಳಿದರು. ತಪ್ಪು ನಿನ್ನದಲ್ಲ, ನನ್ನದು, ನನಗೆ ಗೊತ್ತಿರಲಿಲ್ಲ ಎಂದರು.

“ಅವಳು ಬಯ್ಯಲಿಲ್ಲ. ಅಳಲೂ ಇಲ್ಲ. ‘ಹಾಗಾದ್ರೆ ನಾನು ದಡ್ಡಿ ಅಲ್ವಾ ಟೀಚರ್?’ ಅಂದ್ಲು. ಅಲ್ಲಮ್ಮಾ ಅಂದೆ. ಮತ್ತೆ ಕೇಳಿದ್ಲು, ‘ನಿಜವಾಗ್ಲೂ ಅಲ್ವಾ?’ ಅಂತ.” ಮೇಡಂ ಅಂಗಳದ ಕಡೆ ನೋಡುತ್ತಾರೆ. “ಬೈದಿದ್ರೆ ಚೆನ್ನಾಗಿತ್ತು.”

ಒಂದು ವರ್ಷ ಭಾನುವಾರಗಳಂದು ಆ ಹುಡುಗಿ ಇವರ ಮನೆಗೆ ಬಂದು ಓದು ಕಲಿತಳು. ಪೂರ್ತಿ ಬರಲಿಲ್ಲ. ಬಸ್ಸಿನ ಬೋರ್ಡು, ಅಳತೆ ಪುಸ್ತಕ, ಔಷಧಿ ಚೀಟಿ ಓದುವಷ್ಟು ಬಂತು. ಆಮೇಲೆ ಅವಳದ್ದೇ ಹೊಲಿಗೆ ಅಂಗಡಿಯಾಯಿತು. ಮೇಡಂ ಇದನ್ನು ಸಾಧನೆಯಂತೆ ಹೇಳುವುದಿಲ್ಲ. “ಹತ್ತು ವರ್ಷಕ್ಕೆ ಕೊಡಬೇಕಾದ್ದನ್ನ ಇಪ್ಪತ್ತಕ್ಕೆ ಅರ್ಧ ಕೊಟ್ಟೆ, ಅಷ್ಟೇ,” ಎಂದು ನಿಲ್ಲಿಸುತ್ತಾರೆ.

ಉಳಿದ ಸೇವಾವಧಿ ದೊಡ್ಡ ಶಾಲೆಯಲ್ಲೇ ಕಳೆಯಿತು. ನಿವೃತ್ತಿಯಾದ ಮರುವಾರ ಅವರು ತರಬೇತಿ ಕೇಂದ್ರಕ್ಕೆ ಹೋಗಿ ಸಂಯೋಜಕರ ಮುಂದೆ ಕೂತರು. ಏಕೋಪಾಧ್ಯಾಯ ಶಾಲೆಯವರು ಯಾರಾದರೂ ‘ಆಗುವುದಿಲ್ಲ’ ಎಂದು ಬರೆದರೆ ನನಗೆ ಹೇಳಿ, ಆ ಶಾಲೆಗೆ ನಾನು ಹೋಗುತ್ತೇನೆ ಎಂದರು. ಸಂಯೋಜಕರು ಮೊದಲು ನಂಬಲಿಲ್ಲ. “ನಿವೃತ್ತಿಯಾದ ಹೊಸತರಲ್ಲಿ ಎಲ್ಲರಿಗೂ ಹುರುಪು ಇರುತ್ತೆ, ಮೂರು ತಿಂಗಳಿಗೆ ಇಳಿಯುತ್ತೆ ಅಂದ್ಕೊಂಡೆ,” ಎನ್ನುತ್ತಾರೆ. “ಮೊದಲನೇ ವರ್ಷವೇ ಹನ್ನೊಂದು ಟೀಚರ್‌ಗಳು ಜೀವಮಾನದ ಮೊದಲ ತರಬೇತಿಗೆ ಬಂದ್ರು. ಒಬ್ಬ ಮೇಷ್ಟ್ರಿಗೆ ನಿವೃತ್ತಿಗೆ ಎರಡೇ ವರ್ಷ ಬಾಕಿ ಇತ್ತು. ಗ್ರಂಥಾಲಯದಲ್ಲಿ ಪುಸ್ತಕ ಮುಟ್ಟಿ ಮುಟ್ಟಿ ನೋಡ್ತಿದ್ರು.”

ಎಲ್ಲವೂ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ನಡೆದಿದ್ದರೆ ನಾನು ಇಷ್ಟು ಬರೆಯಬೇಕಾಗಿರಲಿಲ್ಲ. ಮೂರು ವರ್ಷದ ಹಿಂದೆ ಇದೇ ಕ್ವಾರಿ ಶಾಲೆಯಲ್ಲಿ ಗ್ರಹಚಾರ ಕಾದಿತ್ತು. ಇಲ್ಲಿನ ಟೀಚರ್ ಆಗಷ್ಟೇ ಕೆಲಸಕ್ಕೆ ಸೇರಿದ ಹುಡುಗಿ. ಮೊದಲ ತರಬೇತಿಗೆ ಹೋಗಿದ್ದರು. ಎರಡನೇ ದಿನ ಮೇಲಧಿಕಾರಿಯೊಬ್ಬರು ಹೇಳದೆ ಕೇಳದೆ ಶಾಲೆಗೆ ಬಂದರು. ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದ ಹೆಂಗಸು ಪಾಠ ಮಾಡುತ್ತಿದ್ದಾರೆ!

“ನೀವ್ಯಾರು? ಯಾರ ಅನುಮತಿ ಮೇಲೆ ಇಲ್ಲಿದ್ದೀರಿ?”

“ಅನುಮತಿ ಯಾರದ್ದೂ ಇಲ್ಲ ಸಾರ್. ಮಕ್ಕಳು ಇದ್ದಾರೆ, ಅದಕ್ಕೆ ಇದ್ದೀನಿ.”

ಆ ಉತ್ತರ ಅಧಿಕಾರಿಗೆ ಹಿಡಿಸಲಿಲ್ಲ. ಟೀಚರನ್ನು ತರಬೇತಿಯ ನಡುವಿನಿಂದಲೇ ವಾಪಸು ಕರೆಸಲಾಯಿತು. ಶಾಲೆಯನ್ನು ಹೊರಗಿನವರ ಕೈಗೆ ಒಪ್ಪಿಸಿದ್ದಕ್ಕೆ ಕಾರಣ ಕೇಳಿ ನೋಟಿಸು ಬಂತು. ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. “ಆ ಹುಡುಗಿ ನೋಟಿಸು ಹಿಡ್ಕೊಂಡು ನಮ್ಮನೆ ಬಾಗಿಲಲ್ಲಿ ನಿಂತಿದ್ಲು. ನನ್ನಿಂದ ಅವಳ ಕೆಲಸ ಹೋಗೋ ಹಾಗಾಯ್ತಲ್ಲಾ ಅನ್ನಿಸ್ತು,” ಎನ್ನುತ್ತಾರೆ ಮೇಡಂ.

ಮರುದಿನದಿಂದ ನಾಲ್ಕು ದಿನ ಅವರು ಆ ಅಧಿಕಾರಿಯ ಕಚೇರಿಯ ಬೆಂಚಿನ ಮೇಲೆ ಕೂತರು. ನಾಲ್ಕನೇ ದಿನ ಒಳಗೆ ಬಿಟ್ಟರು. ತಪ್ಪು ನನ್ನದು, ಹುಡುಗಿಯನ್ನು ಬಿಟ್ಟುಬಿಡಿ ಎಂದರು. ನೋಟಿಸು ಅಲ್ಲಿಗೆ ನಿಂತಿತು. ಆದರೆ ಮೇಡಂ ಇನ್ನು ಮುಂದೆ ಯಾವ ಶಾಲೆಗೂ ಕಾಲಿಡಕೂಡದು ಎಂದು ತಾಕೀತಾಯಿತು.

ಐದು ತಿಂಗಳು ಅವರು ಮನೆಯಲ್ಲಿದ್ದರು. ಯಜಮಾನರು ಆ ದಿನಗಳನ್ನು ನೆನೆದು ತಲೆ ಅಲ್ಲಾಡಿಸುತ್ತಾರೆ. “ಬೆಳಗ್ಗೆ ನಾಲ್ಕೂವರೆಗೆ ಏಳೋದು ಮಾತ್ರ ಬಿಡಲಿಲ್ಲ. ಎದ್ದು ಕಿಟಕಿ ಹತ್ರ ಕೂತ್ಕೊಳ್ಳೋಳು. ಮನೆ ಪಾತ್ರೆ ಎಲ್ಲಾ ಎರಡೆರಡು ಸಲ ತೊಳೆದ್ಲು. ನಂಗೇ ಪಾಠ ಶುರು ಮಾಡಿದ್ಲು ಅಂದ್ರೆ ನೋಡಿ ಪರಿಸ್ಥಿತಿ!” ಅತ್ತ ತರಬೇತಿ ಕೇಂದ್ರಕ್ಕೆ ಮತ್ತೆ ಹಳೇ ಉತ್ತರಗಳು ಬರತೊಡಗಿದವು. ಆಗುವುದಿಲ್ಲ. ಆಗುವುದಿಲ್ಲ. ಆಗುವುದಿಲ್ಲ.

ಪಾರು ಮಾಡಿದ್ದು ಕಾಗದಗಳು. ಮೇಡಂಗೆ ಒಂದು ಅಭ್ಯಾಸವಿದೆ. ಬದಲಿಗೆ ಹೋದ ಪ್ರತಿ ದಿನದ ಕೊನೆಗೆ ಆ ಶಾಲೆಯ ಟೀಚರಿಗೆ ಒಂದು ಪುಟದ ಪತ್ರ ಬರೆದು ಮೇಜಿನ ಖಾನೆಯಲ್ಲಿಟ್ಟು ಬರುತ್ತಾರೆ. ಯಾವ ಪಾಠ ಎಲ್ಲಿಗೆ ಬಂತು, ಯಾವ ಮಗು ಹೇಗಿತ್ತು, ಯಾರ ಚಪ್ಪಲಿ ಹರಿದಿದೆ, ಯಾರಿಗೆ ಭಾಗಾಕಾರ ಥಟ್ಟನೆ ಹೊಳೆಯಿತು. ತಪ್ಪು ಹುಡುಕುವ ಪತ್ರವಲ್ಲ. ಒಬ್ಬ ಟೀಚರ್ ಇನ್ನೊಬ್ಬ ಟೀಚರಿಗೆ ಹೇಳುವ ಮಾತು. ಅದನ್ನು ಶಿಕ್ಷಕರು ಎಸೆದಿರಲಿಲ್ಲ. ಸಂಯೋಜಕರು ಶಾಲೆ ಶಾಲೆಗೆ ಹೇಳಿಕಳಿಸಿ ನೂರ ಹದಿಮೂರು ಪತ್ರ ಒಟ್ಟುಮಾಡಿ, ದಾರ ಕಟ್ಟಿ, ಆ ಅಧಿಕಾರಿಯ ಮೇಜಿನ ಮೇಲಿಟ್ಟು ಬಂದರು. ಶಿಫಾರಸು ಎಂದು ಒಂದು ಮಾತೂ ಬರೆಯಲಿಲ್ಲ.

ಹತ್ತು ದಿನ ಸುದ್ದಿ ಇಲ್ಲ. ಹನ್ನೊಂದನೇ ದಿನ ಅಧಿಕಾರಿಯೇ ಮೇಡಂಗೆ ಫೋನು ಮಾಡಿದರು. “ನಾನು ಆ ಶಾಲೆಗಳಿಗೆಲ್ಲಾ ವರ್ಷಕ್ಕೊಂದು ಸಲ ಹೋಗ್ತೀನಮ್ಮಾ. ನಿಮ್ಮ ಪತ್ರ ಓದಿದ ಮೇಲೇ ಅಲ್ಲಿ ಮಕ್ಕಳು ಇದ್ದಾರೆ ಅಂತ ಗೊತ್ತಾಗಿದ್ದು,” ಎಂದರಂತೆ. ಅದಾದ ವಾರಕ್ಕೆ ಆದೇಶ ಬಂತು. ನಿವೃತ್ತ ಶಿಕ್ಷಕರು ತರಬೇತಿಯ ದಿನಗಳಲ್ಲಿ ಬದಲಿಯಾಗಿ ಕೂರಬಹುದು. ಜೊತೆಗೆ ಫೋಟೊ ಅಂಟಿಸಿದ ಗುರುತಿನ ಚೀಟಿ. ಹುದ್ದೆಯ ಜಾಗದಲ್ಲಿ ‘ಬದಲಿ (ತಾತ್ಕಾಲಿಕ)’ ಎಂದಿದೆ. “ನನ್ನ ಹತ್ರ ನಲವತ್ತು ವರ್ಷದಿಂದ ಇದ್ದಾಳೆ, ಅದೂ ತಾತ್ಕಾಲಿಕವೋ ಏನೋ ಕೇಳಿ ಹೇಳಿ,” ಎಂದು ಯಜಮಾನರು ನನಗೆ ಕಣ್ಣು ಮಿಟುಕಿಸುತ್ತಾರೆ.

ಮೂರು ದಿನದ ತರಬೇತಿ ಮುಗಿದ ಮರುದಿನ ನಾನು ಕ್ವಾರಿ ಶಾಲೆಯ ಟೀಚರನ್ನು ಭೇಟಿಯಾಗುತ್ತೇನೆ. ಈಗ ಅವರು ನೋಟಿಸು ಹಿಡಿದು ನಿಂತ ಅಂದಿನ ಹುಡುಗಿಯಲ್ಲ. ಕೇಂದ್ರದಿಂದ ಎರವಲು ತಂದ ಗಣಿತದ ಪೆಟ್ಟಿಗೆಯನ್ನು ಮಕ್ಕಳು ಸುತ್ತುವರಿದಿದ್ದಾರೆ. ಅವರು ಮಾತ್ರ ಮೇಜಿನ ಖಾನೆ ತೆಗೆದು ಮೂರು ಪತ್ರಗಳನ್ನು ಓದುತ್ತಾ ನಿಂತಿದ್ದಾರೆ. ಶ್ರವಣಯಂತ್ರದ ಹುಡುಗಿಯ ಕಥೆ ಕೇಳಿದೆ.

“ಹೋದ ವರ್ಷದ ಹಿಂದಿನ ವರ್ಷ, ಅವಳು ಎರಡನೇ ಕ್ಲಾಸಲ್ಲಿದ್ಲು. ಕರೆದ್ರೆ ಒಂದೊಂದು ಸಲ ತಿರುಗಿಯೂ ನೋಡ್ತಿರಲಿಲ್ಲ. ಹಟ ಅಂತ ನಾನು ಅಂದ್ಕೊಂಡಿದ್ದೆ. ಮಕ್ಕಳ ಕಿವಿ, ಕಣ್ಣು ಹೇಗೆ ಗಮನಿಸಬೇಕು ಅನ್ನೋ ತರಬೇತಿಗೆ ಹೋದೆ. ಹಿಂದಿನಿಂದ ಮೆಲ್ಲಗೆ ಕರೆದು ನೋಡೋದು ಹೇಗೆ ಅಂತೆಲ್ಲಾ ಹೇಳಿಕೊಟ್ರು. ನಮ್ಮ ಶಾಲೆಯಲ್ಲಿ ಅಂಥವರು ಯಾರೂ ಇಲ್ಲ ಅಂತಲೇ ಇದ್ದೆ. ವಾಪಸ್ ಬಂದು ಮೇಡಂ ಪತ್ರ ತೆಗೆದ್ರೆ, ಕೊನೇ ಸಾಲು: ‘ಈ ಮಗು ಎಡಗಡೆಯಿಂದ ಕರೆದರೆ ತಿರುಗುವುದಿಲ್ಲ, ಬಲಗಡೆಯಿಂದ ಕರೆದರೆ ಓಡಿ ಬರುತ್ತಾಳೆ. ಹಟವಲ್ಲ ಅನಿಸುತ್ತದೆ. ನೀವು ಕಲಿತು ಬಂದ ಮೇಲೆ ನೋಡಿ.’”

ಅಂದೇ ನೋಡಿದರು. ವಾರದೊಳಗೆ ಆಸ್ಪತ್ರೆಗೆ ಕರೆದೊಯ್ದರು. ಎಡ ಕಿವಿ ಬಹುಮಟ್ಟಿಗೆ ಕೇಳುತ್ತಿರಲಿಲ್ಲ. ಯಂತ್ರ ಹಾಕಿದ ದಿನ ಮಗು ಶಾಲೆಗೆ ಬಂದು ಮೊದಲು ಕೇಳಿದ್ದು, “ಟೀಚರ್, ಕ್ವಾರಿ ಯಾವಾಗ್ಲೂ ಇಷ್ಟು ಗಲಾಟೆ ಮಾಡುತ್ತಾ?” ಟೀಚರ್ ಇದನ್ನು ಹೇಳುತ್ತಾ ನಗುತ್ತಾರೆ, ನಗುತ್ತಲೇ ಕಣ್ಣೊರೆಸಿಕೊಳ್ಳುತ್ತಾರೆ. “ಒಂದು ಕೈಯಲ್ಲಿ ಚಪ್ಪಾಳೆ ಆಗಲ್ಲ ಸಾರ್. ತರಬೇತಿ ಇಲ್ದಿದ್ರೆ ಮೇಡಂ ಬರೆದದ್ದು ನಂಗೆ ಅರ್ಥ ಆಗ್ತಿರಲಿಲ್ಲ. ಮೇಡಂ ಇಲ್ದಿದ್ರೆ ತರಬೇತಿಗೆ ಹೋಗ್ತಲೇ ಇರಲಿಲ್ಲ.”

ಈ ಮಾತನ್ನು ನಾನು ಮೇಡಂಗೆ ಒಪ್ಪಿಸುತ್ತೇನೆ. ಮುಲಾಮಿನ ಮುಚ್ಚಳ ಹುಡುಕುವ ನೆಪದಲ್ಲಿ ತಲೆ ಬಗ್ಗಿಸುತ್ತಾರೆ. ಆಮೇಲೆ, “ಒಂದು ಮಗುವಾದ್ರೂ ಉಳೀತು,” ಎನ್ನುತ್ತಾರೆ. ಅಷ್ಟೇ.

ಮೊಣಕಾಲು ಮುಂಚಿನಂತಿಲ್ಲ. ವೈದ್ಯರು ವಾರಕ್ಕೆ ಎರಡು ದಿನಕ್ಕಿಂತ ಹೆಚ್ಚು ಬೇಡ ಎಂದಿದ್ದಾರೆ. ಇವರು ಅದನ್ನು ‘ಎರಡು ದಿನಕ್ಕಿಂತ ಕಡಿಮೆ ಬೇಡ’ ಎಂದು ಅರ್ಥಮಾಡಿಕೊಂಡಿದ್ದಾರೆ. ಸಮಾಧಾನದ ಸಂಗತಿಯೆಂದರೆ ಈ ವರ್ಷ ಇನ್ನಿಬ್ಬರು ಜೊತೆಯಾಗಿದ್ದಾರೆ, ಒಬ್ಬ ನಿವೃತ್ತ ಹೆಡ್‌ಮಾಸ್ಟರು, ಒಬ್ಬ ನಿವೃತ್ತ ಚಿತ್ರಕಲಾ ಶಿಕ್ಷಕಿ. ಹೆಡ್‌ಮಾಸ್ಟರು ಮೊದಲ ದಿನ ಇಪ್ಪತ್ತೆಂಟು ಮಕ್ಕಳ ಹೆಸರು ಕಲಿಯಲಾರದೆ ಮೇಡಂಗೆ ಮೂರು ಸಲ ಫೋನು ಮಾಡಿದರಂತೆ. “ಮೂವತ್ತು ವರ್ಷ ನಂಬರ್ ಹಿಡಿದು ಕರೆದ್ರೆ ಇನ್ನೇನಾಗುತ್ತೆ,” ಎನ್ನುತ್ತಾರೆ ಮೇಡಂ, ಎಲೆಮರೆಯ ಕಾಯಿಗೂ ಒಂದಿಷ್ಟು ಹುಳಿ ಇರುತ್ತದೆಂದು ತೋರಿಸುತ್ತಾ.

ಹೊರಡುವ ಮುಂಚೆ ಎಲ್ಲರೂ ಕೇಳುವುದನ್ನೇ ನಾನೂ ಕೇಳುತ್ತೇನೆ: ನಿಮಗೇನಾದರೂ ಆಸೆ ಇದೆಯೇ? ಸನ್ಮಾನ, ಪ್ರಶಸ್ತಿ, ಏನಾದರೂ?

ಅವರು ನಾಚಿದ ಹಾಗೆ ಕಾಣುತ್ತದೆ. “ಒಂದಿದೆ. ನಗಬಾರ್ದು.” ಆರು ವರ್ಷದಿಂದ ಎಷ್ಟೋ ಜನರನ್ನು ತರಬೇತಿಗೆ ಕಳಿಸಿದ ಇವರು ತಾವು ಮಾತ್ರ ಒಂದಕ್ಕೂ ಹೋಗಿಲ್ಲ. ತರಬೇತಿ ನಡೆಯುವ ದಿನವೇ ಇವರು ಯಾವುದೋ ಶಾಲೆಯಲ್ಲಿರುತ್ತಾರಲ್ಲ! ಟೀಚರ್‌ಗಳು ಬಂದು ಹೇಳುವುದನ್ನು ಕೇಳಿ ಕೇಳಿ ಆಸೆಯಾಗಿದೆ. ಮುಂದಿನ ತಿಂಗಳು ಮೂರು ದಿನದ್ದೊಂದಿದೆ, ಸೋಮವಾರದಿಂದ ಬುಧವಾರದವರೆಗೆ: ಒಂದೇ ಕೋಣೆಯಲ್ಲಿ ಐದು ತರಗತಿಗೆ ಗಣಿತ ಕಲಿಸುವುದು ಹೇಗೆ. ಸಂಯೋಜಕರು ಒಂದು ಕುರ್ಚಿ ತೆಗೆದಿಟ್ಟಿದ್ದಾರೆ. ಆ ದಿನಗಳಿಗೆ ಹೆಡ್‌ಮಾಸ್ಟರು ಬದಲಿಗೆ ಒಪ್ಪಿದ್ದಾರೆ. ಅಂದರೆ ಬದಲಿ ಮೇಡಂಗೇ ಒಬ್ಬ ಬದಲಿ.

“ನಿವೃತ್ತಿಯಾಗಿ ಆರು ವರ್ಷ ಆಯ್ತು, ಈ ವಯಸ್ಸಲ್ಲಿ ಕಲಿತು ಏನು ಮಾಡ್ತೀರಿ ಮೇಡಂ?” ಎಂದು ಕೇಳಿಬಿಡುತ್ತೇನೆ, ತಮಾಷೆಗೆ.

ಅವರಿಗೆ ಅದು ತಮಾಷೆಯಾಗಿ ಕೇಳಿಸಿದಂತಿಲ್ಲ. ಪಾಠ ಓದದೆ ಬಂದ ಹುಡುಗನನ್ನು ನೋಡುವಂತೆ ನನ್ನನ್ನು ಒಂದು ಕ್ಷಣ ನೋಡುತ್ತಾರೆ.

“ಏನು ಮಾಡ್ತೀನಿ ಅಂದ್ರೆ? ಗುರುವಾರ ಕ್ಲಾಸಿದೆಯಲ್ಲಪ್ಪಾ ನಂಗೆ!”